ಕೆರೆಯ ಹಕ್ಕಿಗೂ ಒಂದು ಲೆಕ್ಕದ ಪುಸ್ತಕ

(ಕೆರೆ ಅಚ್ಚುಕಟ್ಟಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಬೆಳೆಯ ಲೆಕ್ಕ, ಹಾಲಿನ ಲೆಕ್ಕ, ಸಾಲದ ಲೆಕ್ಕ, ಇವೆಲ್ಲವನ್ನೂ ನಾವು ಬರೆದಿಡುತ್ತೇವೆ. ಡೈರಿಗೆ ಹಾಕಿದ ಹಾಲು ಅರ್ಧ ಲೀಟರು ಹೆಚ್ಚುಕಡಿಮೆಯಾದರೂ ಪುಸ್ತಕ ತೆಗೆದು ತೋರಿಸುತ್ತೇವೆ. ಆದರೆ ಹೋದ ವರ್ಷ ಊರ ಕೆರೆಗೆ ಎಷ್ಟು ಹಕ್ಕಿ ಬಂದಿದ್ದವು, ಈ ವರ್ಷ ಎಷ್ಟು ಬಂದವು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. “ಮೊದಲು ಬೇಕಾದಷ್ಟು ಇದ್ದವು, ಈಗ ಕಡಿಮೆಯಾಗಿವೆ” ಎನ್ನುತ್ತೇವೆ. ಮಾತು ನಿಜವೇ ಇರಬಹುದು. ಆದರೆ ಕಚೇರಿಯಲ್ಲಿ ಆ ಮಾತು ನಡೆಯುವುದಿಲ್ಲ. ಎಷ್ಟಿದ್ದವು, ಯಾವ ದಿನ, ಎಲ್ಲಿ, ಕಂಡವರು ಯಾರು ಎಂದು ಕೇಳುತ್ತಾರೆ. ಕೆರೆಯ ಅಂಗಳದಲ್ಲಿ ಮರ ಕಡಿಯಲು ಗುತ್ತಿಗೆಯಾದ ಮೇಲೆ “ಸ್ವಾಮಿ, ಅಲ್ಲಿ ಹಕ್ಕಿ ಗೂಡು ಕಟ್ಟುತ್ತವೆ” ಎಂದು ಹೇಳಲು ಹೋದವರಿಗೆ ಇದರ ಅನುಭವ ಉಂಟು.

ಊರಿನವರೇ ತಮ್ಮ ಸುತ್ತಲಿನ ಹಕ್ಕಿ, ಪ್ರಾಣಿ, ಮರಗಳನ್ನು ನೋಡಿ, ಎಣಿಸಿ, ತಾರೀಖು ಹಾಕಿ ಬರೆದಿಡುವ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದು ಹೊಟ್ಟೆ ತುಂಬಿದವರ ಹವ್ಯಾಸ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅವರಿಗಾಗಿ ಮೊದಲು ರಣಹದ್ದಿನ ಮಾತು ಹೇಳುತ್ತೇನೆ.

ಐವತ್ತು ದಾಟಿದವರಿಗೆ ನೆನಪಿರುತ್ತದೆ. ಊರಾಚೆ ಸತ್ತ ದನವನ್ನು ಹಾಕಿದರೆ ಎಲ್ಲಿಂದಲೋ ರಣಹದ್ದುಗಳು ಇಳಿದು ಸ್ವಲ್ಪ ಹೊತ್ತಿನಲ್ಲೇ ಮೂಳೆ ಮಾತ್ರ ಉಳಿಸಿ ಹೋಗುತ್ತಿದ್ದವು. ಈಗ ಆ ಕೆಲಸ ನಾಯಿಗಳ ಪಾಲಿಗೆ ಬಂದಿದೆ. ಹದ್ದುಗಳು ಎಲ್ಲಿ ಹೋದವು? ಅವು ಇಲ್ಲವಾಗುತ್ತಿದ್ದಾಗ ದೇಶದಲ್ಲಿ ಹೆಚ್ಚಿನವರಿಗೆ ಅದು ತಿಳಿಯಲೇ ಇಲ್ಲ. ಆದರೆ ರಾಜಸ್ಥಾನದ ಭರತಪುರದಲ್ಲಿ ವಿಭು ಪ್ರಕಾಶ್ ಎಂಬ ಪಕ್ಷಿಶಾಸ್ತ್ರಜ್ಞರು 1980ರ ದಶಕದಲ್ಲಿ ಹದ್ದುಗಳನ್ನೂ ಅವುಗಳ ಗೂಡುಗಳನ್ನೂ ಎಣಿಸಿ ಬರೆದಿಟ್ಟಿದ್ದರು. ಸುಮಾರು ಹತ್ತು ವರ್ಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಎಣಿಸಿದಾಗ ಸಂಖ್ಯೆ ಪಾತಾಳಕ್ಕೆ ಬಿದ್ದಿತ್ತು. ಹಳೆಯ ಲೆಕ್ಕ ಇದ್ದುದರಿಂದ ಹೊಸ ಲೆಕ್ಕಕ್ಕೆ ಅರ್ಥ ಬಂದಿತು. ಆಮೇಲೆ ದೇಶದ ಬೇರೆ ಬೇರೆ ಕಡೆಯೂ ಎಣಿಸಿ ನೋಡಿದರು. 1992ರಲ್ಲಿ ಸಾವಿರ ಬಿಳಿಬೆನ್ನಿನ ರಣಹದ್ದು ಇದ್ದ ಕಡೆ 2007ರ ಹೊತ್ತಿಗೆ ಒಂದು ಮಾತ್ರ ಉಳಿದಿತ್ತು!

ಕಾರಣ ಹುಡುಕಿದಾಗ ಸಿಕ್ಕಿದ್ದು ನಮ್ಮ ಕೊಟ್ಟಿಗೆಯಲ್ಲಿ. ನೋವಿಗೂ ಜ್ವರಕ್ಕೂ ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ, ಚುಚ್ಚಿದ ಒಂದೆರಡು ದಿನದಲ್ಲಿ ದನ ಸತ್ತರೆ ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ನೂರು ಹೆಣದಲ್ಲಿ ಒಂದರಲ್ಲಿ ಈ ಔಷಧವಿದ್ದರೂ ಸಾಕು, ಏಕೆಂದರೆ ಒಂದು ಹೆಣಕ್ಕೆ ಹತ್ತಾರು ಹದ್ದು ಇಳಿಯುತ್ತವೆ. ಇದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗಾಗಿ ಈ ಔಷಧ ತಯಾರಿಸುವುದನ್ನು ನಿಲ್ಲಿಸಲು ಕ್ರಮ ಕೈಗೊಂಡಿತು. ಆದರೂ ಜನರಿಗಾಗಿ ಮಾರುತ್ತಿದ್ದ ದೊಡ್ಡ ಸೀಸೆಯಿಂದ ದನಗಳಿಗೆ ಚುಚ್ಚುವುದು ನಡೆದೇ ಇತ್ತು. 2015ರಲ್ಲಿ ಆ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಇನ್ನೆರಡು ಔಷಧಗಳನ್ನೂ ಪಶುಗಳಿಗೆ ಕೊಡದಂತೆ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಹದ್ದಿಗೆ ಅಪಾಯ ಮಾಡುವುದಿಲ್ಲ. ನಿಮ್ಮ ಪಶುವೈದ್ಯರನ್ನು ಕೇಳಿ ಅದನ್ನೇ ಹಾಕಿಸಿರಿ. ನಮ್ಮ ಕಡೆ ಹದ್ದಿಗೆಂದು ಉಳಿದಿರುವ ಜಾಗ ರಾಮನಗರದ ರಾಮದೇವರ ಬೆಟ್ಟ. ಅದನ್ನು 2012ರಲ್ಲಿ ರಣಹದ್ದಿನ ಧಾಮವೆಂದು ಘೋಷಿಸಿದರು. ಆ ಹೊತ್ತಿಗೆ ಅಲ್ಲಿ ಉಳಿದಿದ್ದದ್ದು ಕೆಲವೇ ಹದ್ದು.

ಹತ್ತು ವರ್ಷ ಮೊದಲೇ ಹಳ್ಳಿ ಹಳ್ಳಿಯಲ್ಲಿ ಒಬ್ಬೊಬ್ಬರು “ಇಂಥ ದಿನ ಹೆಣದ ಮೇಲೆ ಇಷ್ಟು ಹದ್ದು ಇಳಿದವು” ಎಂದು ಬರೆದಿಟ್ಟಿದ್ದರೆ ವಿಷಯ ಎಷ್ಟು ಬೇಗ ಹೊರಬೀಳುತ್ತಿತ್ತು ಎಂದು ನೀವೇ ಊಹಿಸಿರಿ.

ಇನ್ನು ಒಳ್ಳೆಯ ಸುದ್ದಿಗೆ ಬರೋಣ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿಮಗೆಲ್ಲ ಗೊತ್ತು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ, ಅರಳಿ, ಬಸರಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕರೆಯುತ್ತಾರೆ. ಪ್ಲೇಗು ಬಂದಾಗ ಊರು ಶಿಂಷಾ ನದಿಯ ದಡದಿಂದ ಈಗಿನ ಜಾಗಕ್ಕೆ ಬಂದಿತೆಂದೂ, ಹಕ್ಕಿಗಳೂ ಊರಿನ ಹಿಂದೆಯೇ ಬಂದವೆಂದೂ ಅಲ್ಲಿನ ಹಿರಿಯರು ಹೇಳುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಕೆರೆಗೋಡಿನ ಜೊತೆ ಬೆರೆಸಿ ಗದ್ದೆಗೆ ಗೊಬ್ಬರ ಹಾಕುವ ವಾಡಿಕೆಯೂ ಅಲ್ಲಿತ್ತು. ಹಾಗೆಂದು ನಷ್ಟವಿಲ್ಲವೆಂದಲ್ಲ. ಗೂಡು ತುಂಬಿದ ಹುಣಿಸೆಮರದಲ್ಲಿ ಹಣ್ಣು ಬಡಿಯುವಂತಿಲ್ಲ. ಹಿಕ್ಕೆಯ ವಾಸನೆಯನ್ನು ಹೊರಗಿನಿಂದ ಬಂದು ಚಿತ್ರ ತೆಗೆದುಕೊಂಡು ಹೋಗುವವರು ಸಹಿಸಬೇಕಾಗಿಲ್ಲ, ಅಲ್ಲಿ ಮಲಗುವವರು ಸಹಿಸಬೇಕು.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳನ್ನು ಹೊರಗಿನವರ ಗಮನಕ್ಕೆ ತಂದರು. ಆಮೇಲೆ ಮರದ ಒಡೆಯರಿಗೆ ಹಣ್ಣಿನ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುವ ಏರ್ಪಾಡಾಯಿತು. ಪರಿಹಾರ ಕೊಡಬೇಕಾದರೆ ಯಾವ ಮರದಲ್ಲಿ ಗೂಡಿದೆ ಎಂಬ ಲೆಕ್ಕ ಬೇಕಲ್ಲವೇ? 1994ರಿಂದ ಮೈಸೂರಿನ ಹವ್ಯಾಸಿ ಪ್ರಕೃತಿ ಅಧ್ಯಯನಕಾರರು ಊರಿನ ಯುವಕರ ಜೊತೆ ಸೇರಿ, ಮರದಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಹಾರಿಬಿಡುವ ಕೆಲಸ ತೊಡಗಿದರು. ಯುವಕರ ಕೂಟಕ್ಕೆ ಹೆಜ್ಜಾರ್ಲೆ ಬಳಗವೆಂದು ಹೆಸರಾಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಮತ್ತೆ 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದಾಗ ಊರಿನಲ್ಲಿ ನೋಡುವ ಕಣ್ಣುಗಳಿದ್ದವು. ಹೆಣಗಳನ್ನು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಮೀನಿನ ಮೂಲಕ ಸೇರುವ ಜಂತುಹುಳು ಕಂಡುಬಂದಿತು. ನಿಗಾ ಇಲ್ಲದ ಊರಾಗಿದ್ದರೆ ಸತ್ತ ಹಕ್ಕಿಯನ್ನು ನಾಯಿ ಎಳೆದುಕೊಂಡು ಹೋಗಿ ಅಲ್ಲಿಗೇ ಮುಗಿಯುತ್ತಿತ್ತು.

ಸಂಖ್ಯೆಯ ಬೆಲೆ ತಿಳಿಯಬೇಕಾದರೆ ಬಡಗಣ ಕಡೆಯ ಎರಡು ಕೆರೆಗಳನ್ನು ನೋಡಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೀರಾವರಿಗೆಂದು ಕಟ್ಟಿದ ಹಳೆಯ ಕೆರೆ. ಅದರ ಅಂಗಳದ ಜಾಲಿಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಸುಮಾರು 244 ಎಕರೆಯ ಆ ಜಾಗ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ಅದೂ, ಗದಗ ಜಿಲ್ಲೆಯ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿದವು. ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯವಾದ ಜೌಗು, ಕೆರೆ, ಕೊಳಗಳನ್ನು ಆ ಪಟ್ಟಿಯಲ್ಲಿ ಸೇರಿಸುತ್ತಾರೆ. ಸೇರಿಸಲು ನೋಡುವ ಗುರುತುಗಳಲ್ಲಿ ಎರಡನ್ನು ಕೇಳಿ. ಒಂದು, ಆ ಜಾಗದಲ್ಲಿ ವಾಡಿಕೆಯಾಗಿ 20,000 ನೀರುಹಕ್ಕಿ ಇರಬೇಕು. ಇನ್ನೊಂದು, ಯಾವುದಾದರೂ ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿ ಇರಬೇಕು. ಅಂಕಸಮುದ್ರದಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿ ತಂಗುತ್ತವೆಂದು ದಾಖಲೆಯಾಗಿದೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ವರ್ಷಕ್ಕೆ 8,000ದ ಆಸುಪಾಸು. ಎಣಿಸದೆ ಈ ಅಂಕಿಗಳು ಆಕಾಶದಿಂದ ಬೀಳಲಿಲ್ಲ. ನಮ್ಮ ಕೆರೆ ಅಷ್ಟು ದೊಡ್ಡದಲ್ಲ, ರಾಮ್ಸಾರ್ ಪಟ್ಟಿಗೆ ನಾವು ಆಸೆಪಡುವಂತೆಯೂ ಇಲ್ಲ. ಆದರೆ ತಾಲ್ಲೂಕು ಕಚೇರಿಯಲ್ಲಿಯೂ ನ್ಯಾಯ ಇದೇ. ಅಂಕಿ ಇದ್ದವನ ಅರ್ಜಿಗೆ ತೂಕ ಹೆಚ್ಚು.

ಎಣಿಸುವುದು ಹೇಗೆ? ಇದಕ್ಕೆ ಓದು ಹೆಚ್ಚು ಬೇಡ. ಒಂದು ದಪ್ಪ ರಟ್ಟಿನ ನೋಟುಪುಸ್ತಕ ಸಾಕು. ತಾರೀಖು, ಹೊತ್ತು, ಜಾಗ, ಕಂಡದ್ದು ಏನು, ಎಷ್ಟು, ಕಂಡವರ ಹೆಸರು ಇಷ್ಟನ್ನು ಬರೆದರೆ ಆಯಿತು. ತಾರೀಖಿನ ಪಕ್ಕದಲ್ಲಿ ಆಗ ನಡೆಯುತ್ತಿರುವ ಮಳೆಯ ಹೆಸರನ್ನೂ ಬರೆಯಿರಿ. ಉತ್ತರೆ ಮಳೆಯಲ್ಲಿ ಕಂಡೆ, ಸ್ವಾತಿ ಮಳೆಯಲ್ಲಿ ಕಂಡೆ ಎಂದರೆ ನಮ್ಮವರಿಗೆ ಕೂಡಲೇ ಹೊಳೆಯುತ್ತದೆ. ಕೆರೆಯಲ್ಲಿ ಎಷ್ಟು ನೀರಿತ್ತು ಎಂದು ತೂಬಿನ ಕಲ್ಲಿನ ಗುರುತು ನೋಡಿ ಬರೆಯಿರಿ. ಇದು ಹಕ್ಕಿಗಿಂತಲೂ ನಿಮಗೇ ಹೆಚ್ಚು ಉಪಯೋಗ.

ಹಿಂಡು ದೊಡ್ಡದಾದರೆ ಒಂದೊಂದಾಗಿ ಎಣಿಸಲು ಹೋಗಬೇಡಿ, ತಪ್ಪಿಹೋಗುತ್ತದೆ. ಹಿಂಡಿನ ಒಂದು ಮೂಲೆಯಲ್ಲಿ ಹತ್ತು ಹಕ್ಕಿಯನ್ನು ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಹಿಡಿಸಿಕೊಳ್ಳಿ. ಆಮೇಲೆ ಹತ್ತು ಹತ್ತಾಗಿ ಅಳೆಯುತ್ತ ಹೋಗಿ. ಕಣದಲ್ಲಿ ರಾಶಿ ನೋಡಿ ಇಷ್ಟು ಪಲ್ಲ ಎಂದು ಹೇಳುವ ಕಣ್ಣು ನಿಮಗುಂಟು, ಇದೂ ಅಂಥದೇ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಎರಡು ಅಂಕಿಯನ್ನೂ ಬರೆಯಿರಿ. ಒಬ್ಬರದು 180, ಇನ್ನೊಬ್ಬರದು 210 ಆದರೆ ಜಗಳವಾಡಬೇಕಾಗಿಲ್ಲ. ಎರಡೂ ಇರಲಿ.

ಮರದಲ್ಲಿ ಗೂಡಿರುವ ಹಕ್ಕಿಗಳಾದರೆ ಹಕ್ಕಿಯನ್ನು ಬಿಟ್ಟು ಗೂಡನ್ನು ಎಣಿಸಿ. ಹಕ್ಕಿ ಮೀನಿಗೆ ಹೋಗುತ್ತದೆ, ಗೂಡು ಹೋಗುವುದಿಲ್ಲ. ಇದಕ್ಕೆ ಕೈ ಪಳಗಿಸಲು ಗೀಜಗನ ಗೂಡು ಬಹಳ ಒಳ್ಳೆಯದು. ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಮಳೆಗಾಲದಲ್ಲಿ ತೂಗಾಡುತ್ತಿರುತ್ತವಲ್ಲ, ಅವು. ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಕೆಳಗೆ ಕೊಳವೆಯ ಬಾಗಿಲಿಟ್ಟು ಗೂಡು ಮುಗಿಸುತ್ತದೆ. ಒಪ್ಪದಿದ್ದರೆ ಅದು ತಲೆಗೆ ಹಾಕುವ ಟೋಪಿಯ ಹಾಗೆ ಅರ್ಧಕ್ಕೇ ನಿಲ್ಲುತ್ತದೆ. ಆದುದರಿಂದ ಎಣಿಸುವಾಗ ಕೊಳವೆ ಇರುವ ಗೂಡು ಇಷ್ಟು, ಅರ್ಧದ ಗೂಡು ಇಷ್ಟು ಎಂದು ಬೇರೆ ಬೇರೆ ಬರೆಯಬೇಕು. ಒಟ್ಟು 40 ಗೂಡು ಎಂದು ಬರೆದರೆ 40 ಸಂಸಾರವೆಂದು ತಿಳಿಯುವಂತಿಲ್ಲ. ಮನೆಯ ಹುಡುಗರಿಗೆ ಈ ಕೆಲಸ ಕೊಟ್ಟು ನೋಡಿ, ಒಂದು ವಾರದಲ್ಲಿ ನಿಮಗಿಂತ ಹೆಚ್ಚು ತಿಳಿದುಕೊಳ್ಳುತ್ತಾರೆ. ತೆರೆದ ಬಾವಿ ಮುಚ್ಚಿ ಈಚಲು ಕಡಿದ ಕಡೆ ಗೀಜಗ ಏನು ಮಾಡುತ್ತದೆಂಬುದೂ ಹಾಗೆಯೇ ಗೊತ್ತಾಗುತ್ತದೆ.

ಹೆಸರಿನ ತೊಡಕು ಒಂದಿದೆ. ನಾವು ಬಿಳಿಯದನ್ನೆಲ್ಲ ಬೆಳ್ಳಕ್ಕಿ ಎಂದುಬಿಡುತ್ತೇವೆ. ದನದ ಕಾಲ ಬಳಿ ಹುಳು ಹೆಕ್ಕುವ, ಹಳದಿ ಕೊಕ್ಕಿನದು ಗೋವಕ್ಕಿ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಹಳದಿ ಬೆರಳಿರುವುದು ಸಣ್ಣ ಬೆಳ್ಳಕ್ಕಿ. ಅದು ನೀರಂಚಿನ ಹಕ್ಕಿ. ಹೆಸರು ತಿಳಿಯದಿದ್ದರೆ ಊಹಿಸಿ ಬರೆಯಬೇಡಿ. ಕೊಕ್ಕಿನ ಬಣ್ಣ, ಕಾಲಿನ ಬಣ್ಣ, ಕಾಗೆಗಿಂತ ದೊಡ್ಡದೋ ಚಿಕ್ಕದೋ ಎಂದು ಬರೆಯಿರಿ. ಮೊಬೈಲಿನಲ್ಲಿ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಅಜ್ಜಿ ಕರೆಯುತ್ತಿದ್ದ ಹೆಸರಿದ್ದರೆ ಅದನ್ನು ಬಿಡಬೇಡಿ, ಅದೂ ದಾಖಲೆಯೇ.

ಏನೂ ಕಾಣದ ದಿನ ಪುಸ್ತಕ ತೆರೆಯದೆ ಸುಮ್ಮನಿರುವುದು ಬೇಡ. ಸೊನ್ನೆ ಎಂದು ಬರೆಯಿರಿ. ಹದ್ದಿನ ವಿಷಯದಲ್ಲಿ ಸುಳಿವು ಕೊಟ್ಟದ್ದು ಖಾಲಿಯಾದ ಗೂಡುಗಳೇ.

ಇನ್ನೊಂದು ಪ್ರಶ್ನೆಯನ್ನು ನಾನು ಹೋದ ಕಡೆಯೆಲ್ಲ ಕೇಳುತ್ತಾರೆ. “ಹಂದಿ ಜೋಳ ಹಾಳುಮಾಡುತ್ತದೆ, ನವಿಲು ಮೊಳಕೆ ಕೀಳುತ್ತದೆ, ಅವನ್ನೂ ಎಣಿಸಿ ಪೂಜೆ ಮಾಡಬೇಕೇ?” ಪೂಜೆ ಬೇಡ, ಎಣಿಸಿ. ಯಾವ ರಾತ್ರಿ, ಯಾವ ಹೊಲ, ಎಷ್ಟು ಸಾಲು ಹೋಯಿತು ಎಂದು ಅದೇ ಪುಸ್ತಕದಲ್ಲಿ ಬರೆಯಿರಿ. ಕಾಡುಪ್ರಾಣಿಯಿಂದಾದ ಬೆಳೆನಷ್ಟಕ್ಕೆ ಅರ್ಜಿ ಕೊಡುವವರ ಕೈಯಲ್ಲಿ ಅಂದಂದಿನ ಬರವಣಿಗೆ ಇದ್ದರೆ ಅರ್ಜಿಗೆ ಬಲ ಬರುತ್ತದೆ. ಈ ಪುಸ್ತಕ ಪ್ರಾಣಿಯ ಪರವೂ ಅಲ್ಲ, ವಿರೋಧವೂ ಅಲ್ಲ. ಇಲಿ ಹಿಡಿಯುವ ಗೂಬೆ, ಕೇರೆಹಾವುಗಳೂ ಇದರಲ್ಲಿ ಬರಲಿ, ಮೊಳಕೆ ಕಿತ್ತ ನವಿಲೂ ಬರಲಿ. ಬೇಕಾದದ್ದನ್ನು ಮಾತ್ರ ಬರೆದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಬರೆದದ್ದನ್ನು ಎಲ್ಲಿ ಕೊಡಬೇಕು? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನವರ ಜೊತೆ ಕುಳಿತು ಊರಿನ ಗಿಡ, ಮರ, ತಳಿ, ಪ್ರಾಣಿ, ಪಕ್ಷಿಗಳ ದಾಖಲೆ ಪುಸ್ತಕವನ್ನು ಮಾಡಬೇಕು. ಅದನ್ನು ಜನತಾ ಜೀವವೈವಿಧ್ಯ ದಾಖಲಾತಿ ಎನ್ನುತ್ತಾರೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆ ತೋಪು ಇದೇ ಕಾಯಿದೆಯ ಆಶ್ರಯದಲ್ಲಿ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ದೇಶದಲ್ಲಿ ಅದೇ ಮೊದಲನೆಯದು. ಆದರೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ದಾಖಲೆಗಳನ್ನು 2020ರ ಜನವರಿಯ ಒಳಗೆ ಮುಗಿಸಬೇಕೆಂದು ಹಸಿರು ನ್ಯಾಯಮಂಡಳಿ ಗಡುವು ಹಾಕಿದಾಗ ದೇಶದ ಎಷ್ಟೋ ಕಡೆ ಆತುರದಲ್ಲಿ ಪುಸ್ತಕ ತುಂಬಿದರು. ಆದುದರಿಂದ ನೀವು ಪಂಚಾಯಿತಿಗೆ ಹೋಗಿ ನಿಮ್ಮೂರಿನ ದಾಖಲೆಯನ್ನು ತೆಗೆಸಿ ಓದಿರಿ. ನಿಮ್ಮೂರಿನಲ್ಲಿ ಇಲ್ಲದ ಮರ ಅದರಲ್ಲಿದ್ದರೆ, ಇರುವ ಹಕ್ಕಿ ಬಿಟ್ಟುಹೋಗಿದ್ದರೆ ಸಮಿತಿಯವರಿಗೆ ಹೇಳಿ ತಿದ್ದಿಸಿರಿ. ತಿದ್ದಿಸಲು ಆಧಾರ ಬೇಕು. ನಿಮ್ಮ ನೋಟುಪುಸ್ತಕವೇ ಆಧಾರ.

“ಹೀಗೆಲ್ಲ ಬರೆದುಕೊಟ್ಟರೆ ನಾಳೆ ಕೆರೆಗೆ ಬೇಲಿ ಹಾಕಿ ದನ ಬಿಡಬೇಡಿ ಎನ್ನುವುದಿಲ್ಲವೇ?” ಎಂಬ ಅಂಜಿಕೆ ಉಂಟು. ಅದು ಸುಳ್ಳು ಅಂಜಿಕೆಯಲ್ಲ, ಆದ್ದರಿಂದ ಸರಿಯಾಗಿ ತಿಳಿದಿರಬೇಕು. ಪಂಚಾಯಿತಿಯ ದಾಖಲೆಯಲ್ಲಿ ಹಕ್ಕಿಯ ಹೆಸರು ಸೇರಿದ ಮಾತ್ರಕ್ಕೆ ಯಾರ ಜಮೀನೂ ಹೋಗುವುದಿಲ್ಲ. ಸಮುದಾಯ ಮೀಸಲು ಎಂದು ಘೋಷಿಸುವುದು ಬೇರೆ ವಿಚಾರ. ಊರಿನವರು ಅಥವಾ ಜಮೀನಿನ ಒಡೆಯರು ತಾವಾಗಿ ಮುಂದೆ ಬಂದರೆ ಮಾತ್ರ ಅದಕ್ಕೆ ಅವಕಾಶ. ಘೋಷಣೆಯಾದ ಮೇಲೆ ಆ ಜಾಗದ ಬಳಕೆಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬರುವುದಿಲ್ಲ. ಅಲ್ಲಿನ ಸಮಿತಿ ಠರಾವು ಮಾಡಬೇಕು, ಸರ್ಕಾರ ಒಪ್ಪಬೇಕು. ಆ ಹೆಜ್ಜೆ ಇಡುವ ಮೊದಲು ಗ್ರಾಮಸಭೆಯಲ್ಲಿ ಹತ್ತು ಸಲ ಚರ್ಚೆಯಾಗಲಿ. ಎಣಿಸುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಹೂಳು ತೆಗೆಯುವ ವಿಚಾರದಲ್ಲಿ ಈ ಲೆಕ್ಕದ ಉಪಯೋಗ ಎದ್ದು ಕಾಣುತ್ತದೆ. ಹೂಳು ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ, ಗದ್ದೆಗೆ ಗೋಡು ಬೇಕು, ಕೆರೆಗೆ ನೀರು ಬೇಕು. ಆದರೆ ಯಂತ್ರ ತಂದು ಅಂಗಳವನ್ನೆಲ್ಲ ಬಾಣಲೆಯ ಹಾಗೆ ಒಂದೇ ಸಮ ತೋಡಿದರೆ ಕಾಲೂರಿ ಮೇಯುವ ಹಕ್ಕಿಗೆ ಜಾಗವಿಲ್ಲ. ದನ ನೀರಿಗಿಳಿಯುವುದೂ ಕಷ್ಟ. ಒಂದು ಬದಿ ಇಳಿಜಾರಾಗಿ ತೆಳುನೀರು ನಿಲ್ಲಲಿ. ಗೂಡಿರುವ ಜಾಲಿಮರದ ದಿಬ್ಬವನ್ನು ಬಿಟ್ಟು ತೋಡಲಿ. ಗೂಡಿನಲ್ಲಿ ಮರಿ ಇರುವ ತಿಂಗಳಲ್ಲಿ ಆ ಮೂಲೆಗೆ ಯಂತ್ರ ಹೋಗದಿರಲಿ. ಯಾವ ದಿಬ್ಬ, ಯಾವ ತಿಂಗಳು ಎಂದು ಕಂಟ್ರಾಕ್ಟರನಿಗೆ ಹೇಳಬೇಕಾದವರು ನೀವು. ಮೂರು ವರ್ಷದ ಪುಸ್ತಕ ಕೈಯಲ್ಲಿದ್ದರೆ ಕೆಲಸ ಮಂಜೂರಾಗುವಾಗಲೇ ಹೇಳಬಹುದು.

ಎಚ್ಚರಿಕೆಯ ಮಾತು ಒಂದಿದೆ. ಚಿಪ್ಪುಹಂದಿ, ನಕ್ಷತ್ರ ಆಮೆ, ಮಣ್ಣುಮುಕ್ಕ ಹಾವು, ಕಾಡುಪಾಪ ಇವು ಕಂಡರೆ ಪುಸ್ತಕದಲ್ಲಿ ಬರೆಯಿರಿ, ಆದರೆ ಜಾಗದ ಗುರುತನ್ನು ಮೊಬೈಲಿನಲ್ಲಿ ಊರಿಗೆಲ್ಲ ಹರಡಬೇಡಿ. ಇವನ್ನು ಹಿಡಿದು ಮಾರುವ ಜಾಲ ಉಂಟು. ಮಣ್ಣುಮುಕ್ಕಕ್ಕೆ ಎರಡು ತಲೆ ಇದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂದು ನಂಬಿಸಿ ಹಳ್ಳಿಯ ಹುಡುಗರನ್ನು ಜೈಲಿಗೆ ಕಳಿಸುವವರೂ ಇವರೇ. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ಹಾಗೆ ಕಾಣುತ್ತದೆ ಅಷ್ಟೆ. ಗೂಡಿನ ಹತ್ತಿರವೂ ಹೋಗಬೇಡಿ. ತಾಯಿಹಕ್ಕಿ ಎದ್ದರೆ ಕಾಗೆ ಮೊಟ್ಟೆ ಎತ್ತುತ್ತದೆ.

ಯಾರು ಬರೆಯಬೇಕು? ನನ್ನ ಮಟ್ಟಿಗೆ ಮೊದಲ ಹೆಸರು ನೀರಗಂಟಿಯದು. ಕೆರೆಯ ಮೇಲೆ ದಿನವೂ ಕಣ್ಣಿಡುವವನು ಅವನು. ಆಮೇಲೆ ದನ ಕಾಯುವವರು, ಬಟ್ಟೆ ಒಗೆಯಲು ಬರುವ ಹೆಂಗಸರು. ಬರೆಯಲು ಬಾರದವರು ಹೇಳಲಿ, ಶಾಲೆಯ ಮಕ್ಕಳು ಬರೆದುಕೊಳ್ಳಲಿ. 1987ರಿಂದ ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿ ಗಣತಿ ನಡೆಯುತ್ತದೆ. ನಾವೂ ಅದೇ ತಿಂಗಳಲ್ಲಿ ಮೊದಲ ಎಣಿಕೆ ಮಾಡಿದರೆ ನಮ್ಮ ಅಂಕಿಯನ್ನು ಬೇರೆ ಕೆರೆಗಳ ಅಂಕಿಯ ಜೊತೆ ಇಟ್ಟು ನೋಡಬಹುದು.

ಅಂದು ಬೆಳಿಗ್ಗೆ ಏಳು ಗಂಟೆಗೆ ಕೋಡಿಯ ಬಳಿ ಸೇರೋಣ. ಸೂರ್ಯ ಬೆನ್ನಿಗಿರುವಂತೆ ಏರಿಯ ಮೇಲೆ ನಿಂತರೆ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಕಣ್ಣು ಕೋರೈಸುವ ಬಿಳಿ ಬಟ್ಟೆ ಬೇಡ, ನಾಯಿಗಳನ್ನು ಮನೆಯಲ್ಲೇ ಕಟ್ಟಿ ಬನ್ನಿ. ಮೂಡಲ ದಡಕ್ಕೆ ಇಬ್ಬರು, ಪಡುವಲ ದಡಕ್ಕೆ ಇಬ್ಬರು, ತೂಬಿನ ಬಳಿ ಒಬ್ಬರು ಬೇಕು. ಹೆಸರು ಕೊಡುವವರು ಈಗಲೇ ಕೊಡಬಹುದು.